ದಿನಕ್ಕೆ ಒಂಬತ್ತು ನಿಮಿಷ

ಪ್ರತಿಯೊಬ್ಬನಿಗೂ ಜಂಬ ಕೊಚ್ಚಿಕೊಳ್ಳಲು ಏನಾದರೊಂದು ಬೇಕು. ಕೆಲವರಿಗೆ ತಲೆತುಂಬ ಕೂದಲಿರುತ್ತದೆ, ಕೆಲವರಿಗೆ ಧಾರವಾಡದಲ್ಲಿ ಪ್ಲಾಟ್ ಇರುತ್ತದೆ. ಎರಡೂ ಇಲ್ಲದ ನನಗೆ ಇದ್ದದ್ದು ಸಮಯಪಾಲನೆ. ದಾಂಡೇಲಿಯ ಕಾಗದದ ಮಿಲ್ಲಿನ ಟೈಮ್ ಆಫೀಸಿನಲ್ಲಿ, ಅಂದರೆ ಯಾರು ಎಷ್ಟು ಹೊತ್ತಿಗೆ ಕೆಲಸಕ್ಕೆ ಬಂದರು ಎಂದು ಬರೆದಿಡುವ ಕೋಣೆಯಲ್ಲಿ, ಇಪ್ಪತ್ತೆಂಟು ವರ್ಷ ಕೂತವನು ನಾನು. ಒಂದು ದಿನವೂ ತಡವಾಗಿ ಹೋದವನಲ್ಲ. ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗುರುತು ಹಾಕುವುದು ನನ್ನ ಕೆಲಸವಾಗಿತ್ತು. ಅದನ್ನು ಸಂತೋಷದಿಂದಲೇ ಮಾಡುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳಬಹುದು. ಒಮ್ಮೆ ಬಾಯ್ಲರ್ ಕಡೆಯ ಯಲ್ಲಪ್ಪ ನಾಲ್ಕು ನಿಮಿಷ ತಡವಾಗಿ ಬಂದು, “ಮಗಳಿಗೆ ಜ್ವರ ಬಂದಾವ್ರಿ ಸಾಹೇಬ್ರ. ನಾಕ ನಿಮಿಷ ಏನ್ ದೊಡ್ಡದ್ರಿ?” ಎಂದ. “ನಮ್ಮ ಮನ್ಯಾಗೂ ಮಕ್ಕಳದಾವು. ನಾ ಹೆಂಗ ಟೈಮಿಗೆ ಬರ್ತೇನಿ?” ಎಂದು ಕೇಳಿ, ಗುರುತು ಹಾಕಿದೆ.

ನಾನು ಟೈಮಿಗೆ ಹೋಗುತ್ತಿದ್ದದ್ದು ಮನೆಯ ಗೋಡೆ ಗಡಿಯಾರ ನೋಡಿ. ಮೊದಲ ಸಂಬಳದಲ್ಲಿ ಹುಬ್ಬಳ್ಳಿಯಿಂದ ನಾನೇ ಆರಿಸಿ ತಂದದ್ದು. ಚಾವಿ ಕೊಡುವಂಥದ್ದು, ತಾಸಿಗೊಮ್ಮೆ ಗಂಟೆ ಹೊಡೆಯುವಂಥದ್ದು. ಪ್ರತಿ ಭಾನುವಾರ ಸ್ನಾನ ಮುಗಿಸಿ ಸ್ಟೂಲು ಹತ್ತಿ ಚಾವಿ ಕೊಡುತ್ತಿದ್ದೆ. ಹೆಂಡತಿ ಕಸ್ತೂರಿ ಸ್ಟೂಲು ಹಿಡಿದು ನಿಲ್ಲುತ್ತಿದ್ದಳು. ಮನೆಯಲ್ಲಿ ನಾನು ಮಾಡುತ್ತಿದ್ದ ಕೆಲಸ ಅದೊಂದೇ ಆದ್ದರಿಂದ ಸ್ವಲ್ಪ ಗಾಂಭೀರ್ಯದಿಂದ ಮಾಡುತ್ತಿದ್ದೆ.

ನಿವೃತ್ತನಾಗಿ ಮಿಲ್ಲಿನ ಕ್ವಾರ್ಟರ್ಸ್ ಬಿಟ್ಟು ಹತ್ತಿರದಲ್ಲೇ ಚಿಕ್ಕ ಮನೆಗೆ ಬಂದೆವು. ಒಂದು ದಿನ ಕಸ್ತೂರಿ, “ಆ ಗಡಿಯಾರ ಯಾರಿಗರ ಕೊಟ್ಟಬಿಡೂಣ್ರಿ. ನನಗೂ ವಯಸ್ಸಾತು” ಎಂದಳು. ಗಡಿಯಾರಕ್ಕೂ ಅವಳ ವಯಸ್ಸಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಕೇಳದಿರುವುದು ನನ್ನ ಹಳೆಯ ಅಭ್ಯಾಸ. ಹಳೇ ಸಾಮಾನು ಮಾರುವ ಆ್ಯಪಿನಲ್ಲಿ ಮಗಳು ಫೋಟೋ ಹಾಕಿದಳು. ಬರವಣಿಗೆ ಮಾತ್ರ ನನ್ನದು: ‘ಇಪ್ಪತ್ತೆಂಟು ವರ್ಷದಲ್ಲಿ ಒಂದು ನಿಮಿಷ ಹಿಂದೆ ಬಿದ್ದಿಲ್ಲ, ಮುಂದೆ ಹೋಗಿಲ್ಲ. ಇದಕ್ಕೆ ನಾನೇ ಸಾಕ್ಷಿ.’

ಫೋಟೋ ನೋಡಿ, ಘಟ್ಟದ ಮೇಲಿನ ರೈಲ್ವೆ ಊರು ಕ್ಯಾಸಲ್‌ರಾಕಿನಿಂದ ದಸ್ತಗೀರ ಸಾಹೇಬರು ಕೊಳ್ಳಲು ಬಂದರು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಗಂಟೆಯ ಸದ್ದು ಕೇಳಿ ಖುಷಿಯಾಗಿ, ಚೌಕಾಶಿಯನ್ನೂ ಮಾಡದೆ, ಗಡಿಯಾರಕ್ಕೆ ಚಾದರ ಸುತ್ತಿಕೊಂಡು ಬಸ್ ಹತ್ತಿದರು. ಕಸ್ತೂರಿ ಅವತ್ತು ಶಿರಾ ಮಾಡಿದಳು. ಹಬ್ಬವೇನೂ ಇರಲಿಲ್ಲ.

ನಾಲ್ಕನೇ ದಿನ ಅವರ ಫೋನು ಬಂತು. “ಸಾಹೇಬ್ರ, ನಿಮ್ಮ ಗಡಿಯಾರ ದಿನಾ ಒಂಬತ್ತ ನಿಮಿಷ ಹಿಂದ ಬೀಳ್ತೈತ್ರಿ. ವಾಪಸ್ ತಗೋರಿ.” ನನಗೆ ಮೈ ಉರಿಯಿತು. ಅವರು ಗಡಿಯಾರವನ್ನು ಬೈದಿದ್ದರೆ ಸಹಿಸುತ್ತಿದ್ದೆ. ಸಾಕ್ಷಿಯನ್ನೇ ಸುಳ್ಳ ಎಂದಂತಾಯಿತು. ಮೊಳೆ ಸೊಟ್ಟಗಿರಬೇಕು ಎಂದೆ. ಮಟ್ಟ ಹಿಡಿದು ನೋಡಿದ್ದೇನೆ ಎಂದರು. ಲೋಲಕದ ಕೆಳಗಿನ ತಿರುಪು ತಿರುಗಿಸಿ ಎಂದೆ. ತುಕ್ಕು ಹಿಡಿದು ಕೂತಿದೆ ಎಂದರು. ಘಟ್ಟದ ಥಂಡಿ ಎಂದೆ, ರೈಲು ಹೋದಾಗ ಗೋಡೆ ನಡುಗುತ್ತದೆ ಎಂದೆ. ಕೊನೆಗೆ ಮಾತು ಮೀರಿ, “ನಿಮ್ಮ ರೈಲ ತಾಸಗಟ್ಟಲೆ ತಡ ಬರ್ತಾವು, ನಿಮಗ್ಯಾಕ್ರಿ ಒಂಬತ್ತ ನಿಮಿಷದ ಚಿಂತಿ?” ಎಂದುಬಿಟ್ಟೆ.

ಅವರು ಸಿಟ್ಟಾಗಲಿಲ್ಲ. “ಎಷ್ಟ ತಡ ಆತು ಅಂತ ಬರಿಯಾಕರ ಖರೇ ಟೈಮ್ ತೋರಸೂ ಗಡಿಯಾರ ಬೇಕಲ್ರಿ?” ಎಂದರು. ಟೈಮ್ ಆಫೀಸಿನವನಾದ ನಾನೇ ಆಡಬೇಕಿದ್ದ ಮಾತು ಅದು.

ಕೊನೆಗೆ ಪರೀಕ್ಷೆಗೆ ಒಪ್ಪಂದವಾಯಿತು. ಗಡಿಯಾರ ನಮ್ಮ ಮನೆಯ ಮೊಳೆಯ ಮೇಲೆ ಒಂದು ದಿನ ಇರಬೇಕು. ಹಿಂದೆ ಬಿದ್ದರೆ ನಾನು ವಾಪಸ್ ತೆಗೆದುಕೊಳ್ಳಬೇಕು, ಬೀಳದಿದ್ದರೆ ಅವರು ಮತ್ತೆ ಸೊಲ್ಲೆತ್ತಬಾರದು. ದಸ್ತಗೀರ ಸಾಹೇಬರು ಗಡಿಯಾರ ಹೊತ್ತು ತಂದು, ಬೆಳಿಗ್ಗೆ ಎಂಟಕ್ಕೆ ತಮ್ಮ ಮೊಬೈಲ್ ನೋಡಿ ಮುಳ್ಳು ಕೂಡಿಸಿ, ಹಳಿಯಾಳದ ತಂಗಿಯ ಮನೆಗೆ ಹೋದರು. ಮಾರನೇ ದಿನ ಸರಿಯಾಗಿ ಎಂಟಕ್ಕೆ ಬಂದರು. ಮೊಬೈಲ್ ಎತ್ತಿ ಗಡಿಯಾರದ ಪಕ್ಕ ಹಿಡಿದರು. ಎರಡೂ ಎಂಟೇ ತೋರಿಸುತ್ತಿದ್ದವು. ಅವರು ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು.

ಗೆದ್ದವನು ಮಾತಾಡಬಾರದು, ಸುಮ್ಮನೆ ಸೋತವನ ಮುಖ ನೋಡಬೇಕು. “ತಪ್ಪಾತ್ರಿ ಸಾಹೇಬ್ರ. ನಮ್ಮ ಗ್ವಾಡಿದ ಏನೋ ದೋಷ ಇರಬೇಕು. ನಿಮ್ಮಂಥವರಿಗೆ ಸುಮ್ಮನ ಅಂದೆ” ಎಂದು ಅವರು ಗಡಿಯಾರ ಇಳಿಸಲು ಕೈ ಚಾಚಿದರು.

ಅಷ್ಟರಲ್ಲಿ ಕಸ್ತೂರಿ ಚಹಾದ ತಾಟು ಹಿಡಿದು ಬಂದಳು. “ತಡೀರಿ ಅಣ್ಣಾರ, ನಿಮ್ಮ ಗ್ವಾಡಿದೇನೂ ತಪ್ಪಿಲ್ಲ. ಮುಂಜಾನೆ ಆರರ ಭೋಂಗಾ ಆದಾಗ ನಾನ ಮುಳ್ಳ ಸರಿಸೀನಿ. ಬೇಕಂತ ಅಲ್ರಿ, ರೂಢಿ ಮ್ಯಾಲ ಕೈ ತಾನ ಹೋತು.”

ಭೋಂಗಾ ಎಂದರೆ ಮಿಲ್ಲಿನ ಸೈರನ್. ದಾಂಡೇಲಿಯಲ್ಲಿ ಅದು ಕೂಗಿದಾಗಲೇ ಒಲೆ ಹೊತ್ತುವುದು, ಮಕ್ಕಳು ಏಳುವುದು. ಅದಕ್ಕೆ ಗಡಿಯಾರವೂ ಏಳುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ನಾನು ಏಳುತ್ತಿದ್ದದ್ದು ಆರೂವರೆಗೆ.

“ಯಾವಾಗಿಂದ ಮಾಡಾಕತ್ತಿ ಇದನ್ನ?” ಎಂದೆ.

“ತಂದ ಮೂರನೇ ದಿನದಿಂದ. ಹಿಂದ ಬೀಳ್ತೈತಿ ಅಂತ ಹೇಳಿದ್ದೆ. ‘ನಾ ಆರಿಸಿ ತಂದ ಗಡಿಯಾರಕ್ಕ ಹೆಸರಿಡ್ತಿಯೇನು’ ಅಂತ ಎರಡ ದಿನ ಮಾತ ಬಿಟ್ಟಿದ್ರಿ. ಮಂದೀಗೆ ಕೆಂಪ ಶಾಯಿ ಹಚ್ಚಾವ್ರು ನೀವ ತಡ ಮಾಡಿ ಹೋದ್ರ ಚಲೋ ಕಾಣತಿತ್ತೇನ್ರಿ?”

ನನಗೆ ನಿಜಕ್ಕೂ ನಾಚಿಕೆಯಾಯಿತು. ಎರಡು ಬಾಣಂತನ, ಒಂದು ಟೈಫಾಯಿಡ್, ಅವಳ ತಾಯಿ ತೀರಿಕೊಂಡ ಮರುದಿನ. ಆಗೆಲ್ಲ ಯಾರು ಸರಿಸಿದರು ಎಂದು ಕೇಳಬೇಕೆನಿಸಿತು, ಕೇಳಲು ಧೈರ್ಯವಾಗಲಿಲ್ಲ. ದಸ್ತಗೀರ ಸಾಹೇಬರು ಬಶಿಗೆ ಚಹಾ ಸುರುವಿಕೊಂಡು, ನನ್ನ ಕಡೆ ನೋಡದೆ, “ನಮ್ಮೂರಾಗ ಭೋಂಗಾ ಇಲ್ರಿ ಅಕ್ಕಾರ” ಎಂದಷ್ಟೇ ಹೇಳಿದರು. ಅವರ ದುಡ್ಡು ಹಿಂದಿರುಗಿಸಿದೆ. ಬಸ್ಸಿನವರೆಗೂ ಹೋಗಿ ಕಳಿಸಿ ಬಂದೆ.

ಗಡಿಯಾರ ಈಗ ನಮ್ಮ ಮೊಳೆಯ ಮೇಲೆಯೇ ಇದೆ. ಇನ್ನು ಮುಂದೆ ಮುಳ್ಳು ಸರಿಸುವ ಕೆಲಸ ನನ್ನದು ಎಂದು ನಾನೇ ಘೋಷಿಸಿದೆ. ಕಸ್ತೂರಿ ಬೇಡವೆನ್ನಲಿಲ್ಲ, ಆರರ ನಂತರವೂ ಹೊದ್ದು ಮಲಗಲು ಶುರುಮಾಡಿದಳು. ಮೊದಲ ವಾರ ಎಲ್ಲ ಸರಿಯಾಗಿತ್ತು. ನಿನ್ನೆ ಭೋಂಗಾ ಆದಾಗ ನಾನು ಬಚ್ಚಲಿನಲ್ಲಿದ್ದೆ. ಟಾವೆಲ್ ಸುತ್ತಿಕೊಂಡು ಓಡಿ ಬಂದು ಸ್ಟೂಲು ಹತ್ತುವಷ್ಟರಲ್ಲಿ ಹೊದಿಕೆಯೊಳಗಿಂದ ಕಸ್ತೂರಿಯ ದನಿ ಬಂತು: “ನಾಕ ನಿಮಿಷ ಲೇಟ್ರಿ ಸಾಹೇಬ್ರ. ಕೆಂಪ ಶಾಯಿ ಎಲ್ಲಿಟ್ಟೀರಿ?”