ಇಳಿಯೋರು ಇದ್ದಾರೆ, ತಡೀರಿ

ನನ್ನ ಷಡ್ಡಕನ ಜೊತೆ ಹಕ್ಕಿ ನೋಡಲು ಹೋದವರು ಹಕ್ಕಿಯೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ನೋಡಿಕೊಂಡು ಬಂದಿದ್ದಾರೆ. ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ಮೂರು ವರ್ಷ ಪ್ರತಿ ಭಾನುವಾರ ಅವನ ಬೆನ್ನ ಹಿಂದೆ ಮಧುಗಿರಿ ಬೆಟ್ಟದ ಬುಡದ ಬಯಲು ಸುತ್ತಿ ಬಂದ ಅನುಭವ ಇದು. ಹೋಗದೆ ಇರಬಹುದಿತ್ತಲ್ಲ ಎನ್ನುತ್ತೀರಾ? ಹೆಂಡತಿಯ ಅಕ್ಕನ ಗಂಡ ಕರೆದಾಗ ಹೋಗದಿದ್ದರೆ ಮನೆಯಲ್ಲಿ ಏನಾಗುತ್ತದೆಂದು ಮದುವೆಯಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಂಬಂಧದಲ್ಲಿ ಅವನು ದೊಡ್ಡವನು, ವಯಸ್ಸಿನಲ್ಲಿ ನನಗಿಂತ ಆರು ತಿಂಗಳು ಚಿಕ್ಕವನು. ಆದ್ದರಿಂದ ಈ ಏಕವಚನ.

ಅವನು ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದವನು. ಸಿರಾ, ಕೊರಟಗೆರೆ, ಪಾವಗಡ ಎಂದು ಜೀವಮಾನವಿಡೀ ಓಡಾಡಿ ನಿವೃತ್ತನಾದ. ಕೆಲಸದಿಂದ ನಿವೃತ್ತನಾದನೇ ಹೊರತು ಬಸ್ಸಿನಿಂದ ಇನ್ನೂ ಇಳಿದಿಲ್ಲ. ಮಗಳು ಕೊಡಿಸಿದ ದುರ್ಬೀನು ಕೊರಳಿಗೆ ಬಿದ್ದ ದಿನವೇ ಊರಿನವರಿಗೆಲ್ಲ ಹಕ್ಕಿ ತೋರಿಸುವುದು ತನ್ನ ಡ್ಯೂಟಿ ಎಂದು ತೀರ್ಮಾನಿಸಿಬಿಟ್ಟ. ಎದೆಯ ಮೇಲೆ ಒಂದು ರಟ್ಟು ತೂಗುಹಾಕಿಕೊಂಡ. ಅದರಲ್ಲಿ ‘ಬೆಟ್ಟದ ಬುಡ – ಬಯಲು – ಕೆರೆ ಏರಿ’ ಎಂದು ಬರೆದಿತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ ‘ಮಾರ್ಗ ಮಧ್ಯೆ ನಿಲುಗಡೆ ಇದೆ’ ಎಂದೂ ಇತ್ತು. ಬಯಲಿನ ಅಂಚಿನಲ್ಲಿ ಕೂರಲು ಅನುಕೂಲವಾದ ಒಂದು ಬಂಡೆ ಇದೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ‘ಮಹಿಳೆಯರಿಗೆ’ ಎಂದು ಬರೆದವನೂ ಇವನೇ.

ಹಕ್ಕಿ ನೋಡಲು ಹೋದವರು ಸದ್ದು ಮಾಡಬಾರದು ಎನ್ನುವುದು ಲೋಕಕ್ಕೆಲ್ಲ ಗೊತ್ತು. ನಮ್ಮ ನಡಿಗೆ ಮಾತ್ರ ಬೆಳಗಿನ ಆರು ಹತ್ತಕ್ಕೆ ಸರಿಯಾಗಿ ಸೀಟಿಯಿಂದ ಶುರುವಾಗುತ್ತಿತ್ತು. ಎರಡು ಸಲ ಸೀಟಿ ಊದಿ ‘ರೈಟ್’ ಎನ್ನುತ್ತಿದ್ದ. ಅಲ್ಲಿಗೆ ಅರ್ಧ ಮಧುಗಿರಿಯ ಹಕ್ಕಿಗಳು ಕೊರಟಗೆರೆ ಕಡೆ ಹಾರಿರುತ್ತಿದ್ದವು. ಉಳಿದ ಕಿವುಡು ಹಕ್ಕಿಗಳು ನಮ್ಮ ಪಾಲಿಗೆ. ಅವುಗಳಲ್ಲಿ ಒಂದು ಕಣ್ಣಿಗೆ ಬಿದ್ದರೆ ಸಾಕು, ‘ಹೋಲ್ಡಾನ್’ ಎಂದು ಕೂಗಿ ಅದನ್ನೂ ಎಬ್ಬಿಸುತ್ತಿದ್ದ.

“ಸೀಟಿ ಯಾಕಯ್ಯ ಊದ್ತೀಯ? ಹಕ್ಕಿ ಓಡೋಗಲ್ವಾ?” ಎಂದು ಒಮ್ಮೆ ಕೇಳಿದೆ.

“ಓಡೋದ್ರೆ ಹಿಂದ್ಲ ಗಾಡಿಗೆ ಬತ್ತವೆ ಬುಡು,” ಎಂದ.

ಹಕ್ಕಿಗಳ ಬಗ್ಗೆ ಅವನಿಗಿದ್ದ ಜ್ಞಾನವೂ ಡಿಪೋದ್ದೇ. ಹದ್ದು ನಾನ್‌ಸ್ಟಾಪು. ತಂತಿಯ ಮೇಲೆ ಕೂತು ಹುಳಕ್ಕೆ ಹೊಂಚುವ ಕಾಜಾಣ ಚೆಕಿಂಗ್ ಇನ್ಸ್‌ಪೆಕ್ಟರು. ಪೊದೆ ಪೊದೆಗೂ ನಿಂತು ಹೋಗುವ ಕೆಂಬೂತ ‘ಕೈ ಎತ್ತಿದ ಕಡೆಯೆಲ್ಲ ನಿಲ್ಲೋ ಐ.ಡಿ.ಹಳ್ಳಿ ಗಾಡಿ’. ಪಿಕಳಾರ ಏನು ತಿನ್ನುತ್ತದೆಂದು ಒಬ್ಬರು ಮೇಡಂ ಕೇಳಿದಾಗ ಸ್ವಲ್ಪ ಯೋಚಿಸಿ, “ಅವ್ರವ್ರ ಬುತ್ತಿ ಅವ್ರೇ ತಂದಿರ್ತಾರೆ ಕಣಮ್ಮ,” ಎಂದುಬಿಟ್ಟ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಅವನ ತಲೆ ಎಣಿಸುವ ಚಟ. ಹೊರಡುವಾಗ ಎಣಿಸುತ್ತಿದ್ದ, ನಿಂತಲ್ಲಿ ಎಣಿಸುತ್ತಿದ್ದ, ಎಣಿಸಿದ್ದು ಸರಿಯಿದೆಯೇ ಎಂದು ಮತ್ತೆ ಎಣಿಸುತ್ತಿದ್ದ. ಒಂದು ಸಲ ಒಬ್ಬರು ಹೆಚ್ಚಾಗಿಬಿಟ್ಟರು. ಲುಂಗಿ ಉಟ್ಟ ಅವರು ಸಿರಾದಿಂದ ಮಗಳ ಮನೆಗೆ ಬಂದು, ಬೆಳಗಿನ ಗಾಳಿಗೆಂದು ಹೊರಟ ಸಾಹೇಬರು. ಲೆಕ್ಕಕ್ಕೆ ಸಿಕ್ಕ ಮೇಲೆ ಬಿಡುವುದುಂಟೇ? ‘ಮುಂದೆ ನಡೀರಿ, ಮುಂದೆ ಜಾಗ ಐತೆ’ ಎಂದು ಕೆರೆ ಏರಿಯ ತನಕ ನಡೆಸಿಕೊಂಡು ಹೋದ. “ಅರೆ ಭಾಯ್, ನಾನು ಹವಾ ತಗಳಕ್ ಬಂದಿದ್ದು,” ಎಂದು ಅವರು ಹೇಳುತ್ತಲೇ ಇದ್ದರು. ಪಾಪ, ಮುಂದಿನ ಭಾನುವಾರದಿಂದ ಅವರೇ ಎಲ್ಲರಿಗಿಂತ ಮೊದಲು ಬಂದು ನಿಂತಿರುತ್ತಿದ್ದರು. ರುಚಿ ಹಕ್ಕಿಯದೋ, ನಡಿಗೆ ಮುಗಿದ ಮೇಲೆ ತಿನ್ನುವ ತಟ್ಟೆ ಇಡ್ಲಿಯದೋ, ನಾನು ಕೇಳಲಿಲ್ಲ.

ಇಂಥವನು ಒಂದು ಭಾನುವಾರ ಬಯಲಿನ ನಡುವೆ ನನ್ನ ಕೊರಳಪಟ್ಟಿ ಹಿಡಿದು ಎಳೆದ. ಸೀಟಿ ಊದಲಿಲ್ಲ, ಹೋಲ್ಡಾನ್ ಎನ್ನಲಿಲ್ಲ. ನಾನು ಎತ್ತಿದ ಕಾಲಿನ ಕೆಳಗೆ, ಬರೀ ಗರಸಿನ ಮೇಲೆ, ನಾಲ್ಕು ಮೊಟ್ಟೆ! ಕಲ್ಲಿನ ಬಣ್ಣದ ಮೊಟ್ಟೆಗಳಾದ್ದರಿಂದ ಕಲ್ಲೆಂದೇ ತುಳಿಯುತ್ತಿದ್ದೆ. ಟಿಟ್ಟಿಭ ಗೂಡು ಕಟ್ಟುವುದಿಲ್ಲ, ನೆಲದ ಮೇಲೇ ಇಡುತ್ತದೆ. ಆಕಾಶ ಬಿದ್ದೀತೆಂದು ಕಾಲು ಮೇಲೆತ್ತಿ ಮಲಗುವ ಹಕ್ಕಿ ಎಂದು ನಮ್ಮಜ್ಜಿ ನಗುತ್ತಿದ್ದಳಲ್ಲ, ಅದೇ. ತಲೆಯ ಮೇಲೆ ಹಾರುತ್ತ ಅದು ನಮ್ಮ ವಂಶವನ್ನೆಲ್ಲ ಬೈಯುತ್ತಿತ್ತು.

ಅದೇ ವಾರ ಬಯಲಿನ ಅಂಚಿಗೆ ಒಂದು ಫಲಕ ಬಂತು. ನಾಳೆ ನಾಡಿದ್ದರಲ್ಲಿ ರೋಲರು ಹೊಡೆಸಿ ಇಡೀ ಬಯಲು ಸಮ ಮಾಡಿ, ಇಟ್ಟಿಗೆ ಹಾಸಿ, ಪಕ್ಷಿಗಳ ಉದ್ಯಾನ ಮಾಡುತ್ತಾರಂತೆ. ಈಗ ಹೋದರೆ ನೋಡಬಹುದು. ಸಿಮೆಂಟಿನ ಎರಡು ಕೊಕ್ಕರೆ ಬಾಯಿ ತೆರೆದು ನಿಂತಿವೆ, ಅವುಗಳ ಬಾಯಿಗೆ ಕಸ ಹಾಕಬೇಕು. ಹಕ್ಕಿಯ ಮೇಲೆ ನಮ್ಮವರಿಗಿರುವ ಪ್ರೀತಿ ಅಷ್ಟು ಗಟ್ಟಿಮುಟ್ಟಾದದ್ದು.

ನನ್ನ ಷಡ್ಡಕ ಅರ್ಜಿ ಬರೆಯಲಿಲ್ಲ, ಜಗಳ ಮಾಡಲಿಲ್ಲ. ಮೊಟ್ಟೆಯ ಸುತ್ತ ದೂರದಲ್ಲಿ ಸುಣ್ಣದ ಪುಡಿಯಿಂದ ಒಂದು ಗೆರೆ ಎಳೆದು, ಕೋಲು ನೆಟ್ಟು, ಅದರಿಂದಾಚೆ ಮಡಚುವ ಕುರ್ಚಿ ಹಾಕಿಕೊಂಡು ಕೂತ. ಮಾರನೆಯ ದಿನ ಮನೆಗೆ ಹೋಗಿ ಊಟ ಮಾಡಿ ಬರುವಷ್ಟರಲ್ಲಿ ಕೋಲಿಗೆ ಅರಿಸಿನ ಕುಂಕುಮ ಬಿದ್ದಿತ್ತು. ಊದುಬತ್ತಿ ಹೊಗೆಯಾಡುತ್ತಿತ್ತು. ಸುಣ್ಣದ ಗೆರೆಯೂ ಕೋಲೂ ಕಂಡರೆ ನಮ್ಮೂರಿನವರು ಸುಮ್ಮನೆ ದಾಟಿ ಹೋಗುತ್ತಾರೆಯೇ? ಕಾಯಿ ಒಡೆಯಲು ಕಲ್ಲು ಹುಡುಕುತ್ತಿದ್ದ ಒಬ್ಬಾಕೆಗೆ ಇವನು, “ದೇವ್ರಲ್ಲ ಕಣಮ್ಮ, ಮೊಟ್ಟೆ,” ಎಂದ.

“ಯಾವುದಾದ್ರೇನು ಬುಡಣ್ಣ, ಒಳ್ಳೇದು ಮಾಡಿದ್ರೆ ಸಾಕು,” ಎಂದು ಆಕೆ ಕೈ ಮುಗಿದು ಹೋದಳು.

ನನಗಂತೂ ಖುಷಿಯಾಯಿತು. “ಲೇ, ಸುಮ್ಮನಿರು. ಮೊಟ್ಟೆಗೆ ಯಾರೂ ನಿಲ್ಲಲ್ಲ. ದೇವ್ರು ಅಂದ್ರೆ ರೋಲರ್ರೂ ನಿಲ್ತೈತೆ,” ಎಂದು ಕಿವಿಯಲ್ಲಿ ಹೇಳಿಕೊಟ್ಟೆ. ಅವನು ಬಗ್ಗಿ, ಅಳಿಸಿಹೋಗಿದ್ದ ಸುಣ್ಣದ ಗೆರೆ ತಿದ್ದತೊಡಗಿದ.

ಎರಡು ವಾರದ ಮೇಲೆ ಒಂದು ಬೆಳಿಗ್ಗೆ ರೋಲರು ಬಂತು. ಅವತ್ತು ಮುಂಜಾನೆಯಷ್ಟೇ ಮೂರು ಮರಿ ಹೊರಬಂದು, ಅಷ್ಟುದ್ದ ಕಾಲು ಹೊತ್ತು ತಾಯಿಯ ಹಿಂದೆ ತಡವರಿಸುತ್ತಿದ್ದವು. ನಾಲ್ಕನೆಯ ಮೊಟ್ಟೆಯಲ್ಲಿ ಬಿರುಕು ಮಾತ್ರ ಕಾಣುತ್ತಿತ್ತು. ರೋಲರಿನ ಡ್ರೈವರು ಪಾವಗಡದ ತಿರುಮಣಿಯವನು, ತೆಲುಗು ಮನೆಮಾತಿನವನು. ಕುಂಕುಮ ನೋಡಿದ್ದೇ ಯಂತ್ರದಿಂದ ಇಳಿದು ಚಪ್ಪಲಿ ಬಿಟ್ಟ.

“ಇದು ದೇವುಡಾ ಸಾರ್? ದೇವುಡಾದ್ರೆ ಪಕ್ಕಕ್ಕೆ ಬಿಟ್ಟು ಹೊಡ್ಕಂಡು ಹೋಗ್ತೀನಿ.”

ನಾನು ಷಡ್ಡಕನ ತೊಡೆ ಚಿವುಟಿದೆ. ಹೌದು ಎಂದರೆ ಮುಗಿಯಿತು. ಒಂದೇ ಒಂದು ಸುಳ್ಳು, ಅದೂ ಪುಣ್ಯದ್ದು.

“ದೇವ್ರಲ್ಲ ಕಣಪ್ಪ. ಮೂರು ಜನ ಇಳಿದವ್ರೆ. ಇನ್ನೊಬ್ರು ಇಳೀಬೇಕು. ವಸಿ ತಡಿ,” ಎಂದ ಆ ಪುಣ್ಯಾತ್ಮ.

ಡ್ರೈವರು ನನ್ನ ಮುಖ ನೋಡಿದ. ಇವನಿಗೆ ತಲೆ ಕೆಟ್ಟಿದೆಯೇ ಎಂಬ ಆ ನೋಟ ನನಗೆ ಹೊಸದಲ್ಲ. “ಆಗಲ್ಲ ಸಾರ್, ಮಧ್ಯಾಹ್ನದೊಳಗೆ ಮುಗಿಸ್ಬೇಕು ಅಂತ ಹೇಳವ್ರೆ,” ಎಂದು ಮತ್ತೆ ಹತ್ತಿದ.

ಆಗ ನನ್ನ ಷಡ್ಡಕ ಕುರ್ಚಿಯಿಂದೆದ್ದು ರೋಲರಿನ ಮುಂದೆ ಹೋಗಿ ನಿಂತ. ಗಂಟಲು ಎತ್ತರಿಸದೆ, ಮೂರು ವರ್ಷದಲ್ಲಿ ನನಗೆ ಒಂದು ದಿನವೂ ಹೇಳದಿದ್ದುದನ್ನು ಆ ಗುರುತಿಲ್ಲದವನಿಗೆ ಹೇಳಿದ.

“ಕೊಳಾಲದ ಗಾಡಿನಾಗೆ ಒಂದು ಅಜ್ಜಿ ಇಳೀತಿತ್ತು. ಒಂದು ಕಾಲು ನೆಲಕ್ಕೆ ಇಟ್ಟಿತ್ತು, ಇನ್ನೊಂದು ಮೆಟ್ಲಾಗಿತ್ತು. ಟೇಮಾತು ಅಂತ ನಾನು ರೈಟ್ ಅಂದ್ಬುಟ್ಟೆ. ಸೊಂಟ ಮುರೀತು. ಆಮೇಲೆ ಆಯಮ್ಮ ನಡೀಲೇ ಇಲ್ಲ. ನೋಡಕ್ಕೋದಾಗೆಲ್ಲ ‘ಹೋಗ್ಲಿ ಬುಡಪ್ಪ, ನಿಂಗೂ ಟೇಮಾಗಿತ್ತು’ ಅನ್ನೋದು. ಅವತ್ತಿಂದ ಪೂರ್ತಿ ಇಳಿಯೋಗಂಟ ಯಾರಿಗೂ ನಾನು ರೈಟ್ ಹೇಳಿಲ್ಲ.”

ಅವನು ನಮ್ಮನ್ನು ಎಣಿಸಿದ ಭಾನುವಾರಗಳೆಲ್ಲ ನನಗೆ ಒಟ್ಟಿಗೇ ನೆನಪಾದವು. ಅವನ ಬೆನ್ನ ಹಿಂದೆ ನಾನೂ ಬೆರಳು ಮಡಚಿ ಎಣಿಸಿ ಅಣಕಿಸಿ, ಎಲ್ಲರನ್ನೂ ನಗಿಸುತ್ತಿದ್ದೆ. ನನಗೆ ನಾಚಿಕೆಯಾಯಿತು. ಬರೆಯುವಾಗ ಈಗಲೂ ಆಗುತ್ತಿದೆ.

ಡ್ರೈವರು ಎಂಜಿನ್ ಆರಿಸಿದ. “ನಮ್ಮೂರ ಕಡೆ ಸೋಲಾರ್ ಪಾರ್ಕ್‌ಗೆ ಎಷ್ಟೋ ನೆಲ ಸಮ ಮಾಡಿದೀನಿ. ಕೆಳಗೆ ಇಂಥದ್ದೈತೆ ಅಂತ ಯಾರೂ ತೋರಿಸ್ಲಿಲ್ಲ ಸಾರ್,” ಎಂದು ರೋಲರಿನ ನೆರಳಿನಲ್ಲಿ ಕೂತ.

ಹತ್ತು ಗಂಟೆಯಾಯಿತು. ಹನ್ನೆರಡಾಯಿತು. ಸಿರಾ ಸಾಹೇಬರು ಬಂದು ಸೇರಿಕೊಂಡರು. ನನ್ನ ಹೆಂಡತಿ ಇಡ್ಲಿ ತಂದು ಎಲ್ಲರಿಗೂ ಕೊಟ್ಟಳು. ಡ್ರೈವರಿನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಕೊನೆಗೆ ಅವನು ಎತ್ತಿ, “ಗಾಡಿ ಕೆಟ್ಟೋಗೈತೆ ಸಾರ್,” ಎಂದ. ನನ್ನ ಷಡ್ಡಕ ಹೇಳಲೊಪ್ಪದ ಸುಳ್ಳನ್ನು ಅವನೇ ಹೇಳಿಬಿಟ್ಟ.

ಬಿಸಿಲು ಸ್ವಲ್ಪ ಬಾಗಿದ ಮೇಲೆ ಮೊಟ್ಟೆ ಎರಡು ಹೋಳಾಯಿತು. ಒದ್ದೆ ಮುದ್ದೆಯೊಂದು ಹೊರಬಿದ್ದು ಬಹಳ ಹೊತ್ತು ಹಾಗೇ ಮಲಗಿತ್ತು. ಆಮೇಲೆ ಎದ್ದಿತು, ಬಿದ್ದಿತು, ಮತ್ತೆ ಎದ್ದಿತು. ಕೆರೆಯ ಕಡೆಯಿಂದ ತಾಯಿ ಕೂಗಿತು. ಮರಿ ನಡೆದು ಸುಣ್ಣದ ಗೆರೆಯ ಹತ್ತಿರ ಬಂದು, ಒಂದು ಕಾಲು ಆಚೆ ಇಟ್ಟು, ಇನ್ನೊಂದು ಈಚೆಯೇ ಉಳಿಸಿಕೊಂಡು ನಿಂತಿತು.

ನನ್ನ ಷಡ್ಡಕನ ಕೈ ಅವನಿಗೇ ತಿಳಿಯದೆ ಸೀಟಿಯನ್ನು ಬಾಯಿಗೆ ಒಯ್ದಿತ್ತು. ಊದಲಿಲ್ಲ. ಕಣ್ಣು ಮಂಜಾಗಿ ಅವನಿಗೆ ಏನೂ ಕಾಣುತ್ತಿರಲಿಲ್ಲ.

“ಎರಡನೇ ಕಾಲು ಇಟ್ಟೈತೇನ್ಲಾ?” ಎಂದು ನನ್ನನ್ನು ಕೇಳಿದ.

ಜೀವನದಲ್ಲಿ ಮೊದಲ ಸಲ ನಾನು ಸರಿಯಾಗಿ ನೋಡಿದೆ. ಪೂರ್ತಿ ದಾಟುವವರೆಗೂ ನೋಡಿದೆ.

“ಇಟ್ಟೈತೆ ಕಣೋ,” ಎಂದೆ. “ರೈಟ್.”