ಐವತ್ತನೆಯ ಗುಂಡಿ

ರಾತ್ರಿಯೆಲ್ಲ ಸುರಿದ ಮಳೆ ಬೆಳಗಿನ ಜಾವಕ್ಕೆ ನಿಂತು, ಸೂರ್ಯ ಏನೂ ಆಗಿಯೇ ಇಲ್ಲವೆಂಬಂತೆ ಮುಖ ತೊಳೆದುಕೊಂಡು ಬಂದಿದ್ದ. ಬೀದಿಯ ಗುಂಡಿಗಳೆಲ್ಲ ಅಂಚಿನವರೆಗೂ ತುಂಬಿ, ಒಂದೊಂದರಲ್ಲೂ ಒಂದೊಂದು ತುಂಡು ಆಕಾಶ ಮಲಗಿತ್ತು. ನೋಡುವವರಿಗೇನೋ ಚೆಂದ. ನಡೆಯುವವರಿಗೆ ಮಾತ್ರ ರಸ್ತೆ ಯಾವುದು, ಗುಂಡಿ ಯಾವುದು ಎಂಬುದು ಕಾಲಿಟ್ಟ ಮೇಲೆಯೇ ತಿಳಿಯಬೇಕು.

ಆ ಬೀದಿಯ ನಡುಮಧ್ಯದಲ್ಲಿ ಒಂದು ಕನ್ನಡಕದ ಅಂಗಡಿ, ಅದರ ಹಿಂದೆಯೇ ಮನೆ. ಮಾಲೀಕನನ್ನು ಎಲ್ಲರೂ ಕನ್ನಡಕಣ್ಣ ಎಂದೇ ಕರೆಯುತ್ತಿದ್ದರು. ಇರುವೆಯ ಸಾಲು ಅಡ್ಡ ಬಂದರೂ ನಿಂತು ದಾರಿ ಬಿಡುವ ಜೀವ. ಆದರೆ ಅವನ ಬಾಗಿಲಿಗೆ ಮೂರೇ ಹೆಜ್ಜೆ ದೂರದಲ್ಲಿ ಬೀದಿಯಲ್ಲೇ ಅತಿ ದೊಡ್ಡ ಗುಂಡಿ ಬಾಯಿ ತೆರೆದುಕೊಂಡಿತ್ತು. ಅದರಲ್ಲಿ ಬಿದ್ದವರ ಕನ್ನಡಕ ಒಡೆಯುತ್ತಿತ್ತು. ಬಿದ್ದವರು ಎದ್ದು ತಲೆಯೆತ್ತಿದರೆ ಎದುರಿಗೇ ಕನ್ನಡಕದ ಬೋರ್ಡು.

"ನಮ್ಮ ಕನ್ನಡಕಣ್ಣ ಗಾಳ ಹಾಕ್ಕೊಂಡು ಕೂತಿದಾರೆ," ಎಂದು ಎದುರಿನ ಹಿಟ್ಟಿನ ಗಿರಣಿಯ ಯಜಮಾನ ದಿನಕ್ಕೊಂದು ಸಲವಾದರೂ ಹೇಳದಿದ್ದರೆ ಅವನ ಗಿರಣಿ ತಿರುಗುತ್ತಿರಲಿಲ್ಲ.

ಆ ಬೆಳಿಗ್ಗೆ ಎಂಟು ಗಂಟೆಗೆ ಕನ್ನಡಕಣ್ಣ ಬಾಗಿಲು ತೆಗೆದು ಕೈಮುಗಿದು, "ಇವತ್ತು ಯಾರೂ ಬೀಳದ ಹಾಗೆ ನೋಡ್ಕೋ ದೇವರೇ" ಎಂದು ಕೇಳಿಕೊಂಡು ಕಣ್ಣು ಬಿಡುವಷ್ಟರಲ್ಲಿ ಹೊರಗೆ ದಡಲ್ ಎಂದು ಸದ್ದಾಯಿತು. ಅರ್ಜಿ ತಲುಪುವುದು ಕೊಂಚ ತಡವಾಗಿತ್ತು.

ಬಿದ್ದವರು ಅಪರಿಚಿತರು. ನಡುವಯಸ್ಸು, ಕಂಕುಳಲ್ಲಿ ಚರ್ಮದ ಚೀಲ, ಸೊಂಟದವರೆಗೆ ಕೆಸರು. ಕನ್ನಡಕದ ಎಡಗಾಜು ಮೂರು ಚೂರಾಗಿತ್ತು.

"ಇದಿಲ್ದೆ ನನಗೆ ನನ್ನ ಕೈಯೇ ಕಾಣಲ್ಲ ಕಣ್ರೀ," ಎಂದರು ಅವರು, ಕನ್ನಡಕಣ್ಣನ ಬದಲು ಪಕ್ಕದ ದೀಪದ ಕಂಬವನ್ನು ನೋಡುತ್ತ. "ನಾಲ್ಕು ಗಂಟೆಗೆ ಬಹಳ ಮುಖ್ಯವಾದ ಕೆಲಸ ಇದೆ. ಅಷ್ಟರೊಳಗೆ ಆಗುತ್ತಾ?"

"ನಾಲ್ಕಕ್ಕೆ ಸರಿಯಾಗಿ ಬನ್ನಿ ಸಾರ್. ತಯಾರಿರುತ್ತೆ," ಎಂದು ಕನ್ನಡಕಣ್ಣ ಮಾತು ಕೊಟ್ಟು, ಅವರ ಕೈಹಿಡಿದು ಮೂಲೆಯ ಬಸ್ ನಿಲ್ದಾಣದವರೆಗೂ ಬಿಟ್ಟು ಬಂದ.

"ಇವತ್ತಿನ ಮೊದಲ ಮೀನು," ಎಂದ ಗಿರಣಿಯವನು, ಹಿಟ್ಟು ಮೆತ್ತಿದ ಹುಬ್ಬು ಕುಣಿಸುತ್ತ. "ದೊಡ್ಡದೇ ಬಿದ್ದಿದೆ."

ದಿನವೂ ಕೇಳಿದ ಮಾತು ಅಂದು ಯಾಕೋ ಚುಚ್ಚಿತು. ಕನ್ನಡಕಣ್ಣ ನೇರವಾಗಿ ಹಿತ್ತಲಿಗೆ ಹೋದ. ನೀರಿನ ತೊಟ್ಟಿಯ ಬಿರುಕು ಮುಚ್ಚಲು ತಂದಿದ್ದ, ಅರ್ಧ ಗಂಟೆಯಲ್ಲಿ ಕಲ್ಲಾಗುವ ಸಿಮೆಂಟು ಒಂದು ಚೀಲ ಅಲ್ಲಿತ್ತು. ಬಕೆಟ್ಟಿನಲ್ಲಿ ಗುಂಡಿಯ ನೀರು ಮೊಗೆದು ಚೆಲ್ಲಿದ, ಇಟ್ಟಿಗೆ ಚೂರು ತುಂಬಿದ, ಸಿಮೆಂಟು ಕಲಸಿ ಸುರಿದು ಕರಣೆಯಿಂದ ನುಣ್ಣಗೆ ಸವರಿದ. ಕನ್ನಡಕದ ಗಾಜನ್ನು ಉಜ್ಜಿ ಅಭ್ಯಾಸವಾದ ಕೈ. ಮುಗಿಯುವ ಹೊತ್ತಿಗೆ ಅದರಲ್ಲಿ ಮುಖ ನೋಡಿಕೊಳ್ಳಬಹುದಾಗಿತ್ತು.

"ಸೊಂಟ ಜೋಪಾನ," ಎಂದಳು ಹೆಂಡತಿ ಬಾಗಿಲಿಗೆ ಬಂದು. "ಮುಂದಿನ ವಾರ ರೈಲು ಹತ್ತಬೇಕು. ನಿಮ್ಮನ್ನ ಎತ್ಕೊಂಡು ಹೋಗಿ ಸಮುದ್ರ ತೋರಿಸೋಕೆ ನನ್ನ ಕೈಲಾಗಲ್ಲ."

ಸಮುದ್ರ ತೋರಿಸುತ್ತೇನೆಂದು ಅವನು ಮದುವೆಯಾದ ಹೊಸದರಲ್ಲಿ ಹೇಳಿದ್ದ. ಹೇಳಿ ಇಪ್ಪತ್ತೆರಡು ವರ್ಷವಾಗಿತ್ತು. ಈ ವರ್ಷ, ಅಂತೂ ಇಂತೂ, ಎರಡು ಟಿಕೆಟ್ಟು ಅಂಗಡಿಯ ಡ್ರಾಯರಿನಲ್ಲಿದ್ದವು. ಅಲ್ಲಿ ಉಳಿಯುವ ಖರ್ಚಿಗೆಂದು ಕೂಡಿಟ್ಟ ಹಣ ಹಳೆಯ ಕನ್ನಡಕದ ಡಬ್ಬಿಯೊಂದರಲ್ಲಿತ್ತು. ಸಮುದ್ರ ಅಷ್ಟು ಹತ್ತಿರ ಬಂದಿತ್ತು.

ಹನ್ನೊಂದು ಗಂಟೆಗೆ ಬೀದಿ ಸಂಘದ ಅಧ್ಯಕ್ಷರು ಬಂದರು. ನಿವೃತ್ತ ಮೇಷ್ಟ್ರು. ನಡೆಯುವಾಗಲೂ ಹಾಜರಿ ತೆಗೆದುಕೊಳ್ಳುವವರಂತೆ ಎಡಬಲ ನೋಡುವ ಅಭ್ಯಾಸ. ಬಂದವರು ಸಿಮೆಂಟಿನ ಮೇಲೆ ನಿಂತುಬಿಟ್ಟರು.

"ಇದನ್ನ ಯಾರು ಮಾಡಿದ್ದು?"

"ನಾನೇ ಮೇಷ್ಟ್ರೇ," ಎಂದ ಕನ್ನಡಕಣ್ಣ, ನಾಚಿಕೊಂಡು. "ಯಾರಿಗೂ ಹೇಳೋಕೆ ಹೋಗಬೇಡಿ. ಹೊಗಳಿಸ್ಕೊಳ್ಳೋದು ನನಗೆ ಆಗಿಬರಲ್ಲ."

"ಗಿರಣಿ ಗೋಡೆ ಮೇಲಿನ ನೋಟೀಸು ನೋಡಿದೀರಾ?"

"ನೋಡದೆ ಇರ್ತೀನಾ? ಮೇಲಿನ ಸಾಲು ಮೂವತ್ತು ಅಡಿಯಿಂದ ಓದಬಹುದು. ಮಧ್ಯದ್ದು ಹತ್ತು ಅಡಿ. ಕೊನೇ ಸಾಲಂತೂ ಬಿಡಿ, ಅಷ್ಟು ಸಣ್ಣಕ್ಷರ ಓದೋ ಕಣ್ಣು ಈ ಬೀದೀಲಿ ಒಂದೂ ಇಲ್ಲ. ಅದೊಂದು ಸಾಲಿಂದ ಹತ್ತು ಕನ್ನಡಕ ಮಾರಬಹುದು."

"ಅಕ್ಷರ ಅಳತೆ ಮಾಡಿದ್ರಿ. ಏನು ಬರೆದಿದೆ ಅಂತ ಓದಿದ್ರಾ?"

ಕನ್ನಡಕಣ್ಣ ತಲೆ ಕೆರೆದುಕೊಂಡ. ಓದಿರಲಿಲ್ಲ.

ಮೇಷ್ಟ್ರು ಹಿಂದಿನ ಬೆಂಚಿನ ಹುಡುಗನಿಗೆ ಬಿಡಿಸಿ ಹೇಳುವಂತೆ ಹೇಳಿದರು. ರಸ್ತೆ ದುರಸ್ತಿಯ ದುಡ್ಡು ಯಾರು ಕೊಡಬೇಕೆಂದು ನಗರಸಭೆಗೂ ಬೀದಿಯವರಿಗೂ ಎರಡು ವರ್ಷದಿಂದ ಹಗ್ಗಜಗ್ಗಾಟ. ಕೊನೆಗೆ ಒಂದು ನಿಯಮವಾಗಿದೆ. ಬೀದಿಯಲ್ಲಿ ಐವತ್ತು ಗುಂಡಿ ಇದ್ದರೆ ಪೂರ್ತಿ ಖರ್ಚು ನಗರಸಭೆಯದು. ಐವತ್ತಕ್ಕೆ ಒಂದು ಕಡಿಮೆಯಾದರೂ ಅರ್ಧ ಖರ್ಚು ಬೀದಿಯ ಮನೆಗಳು ಹಂಚಿಕೊಳ್ಳಬೇಕು. ಎಣಿಸಲು ಇಂಜಿನಿಯರು ಇವತ್ತು ನಾಲ್ಕಕ್ಕೆ ಬರುತ್ತಾರೆ. ವರದಿಗೆ ಇವತ್ತೇ ಕೊನೆಯ ದಿನ.

"ನಾನು ಮೂರು ಸಲ ಎಣಿಸಿದೀನಿ," ಎಂದರು ಮೇಷ್ಟ್ರು. "ಸರಿಯಾಗಿ ಐವತ್ತಿತ್ತು. ಬೆಳಿಗ್ಗೆವರೆಗೂ."

ಮನೆಗೊಂದರಂತೆ ಬರುವ ಪಾಲು ಎಷ್ಟೆಂದು ಕನ್ನಡಕಣ್ಣ ಕೇಳಿದ. ಮೇಷ್ಟ್ರು ಹೇಳಿದ ಮೊತ್ತವೂ ಹಳೆಯ ಡಬ್ಬಿಯಲ್ಲಿದ್ದ ಮೊತ್ತವೂ ಅವಳಿ ಮಕ್ಕಳಂತೆ ಒಂದನ್ನೊಂದು ಹೋಲುತ್ತಿದ್ದವು. ಸಮುದ್ರ ಸರ್ರನೆ ಹಿಂದಕ್ಕೆ ಸರಿಯಿತು.

"ಒಡೆದು ಹಾಕ್ತೀನಿ ಮೇಷ್ಟ್ರೇ. ಈಗಲೇ ಒಡೆದು ಹಾಕ್ತೀನಿ."

ಗಿರಣಿಯಿಂದ ಹಾರೆ ತಂದ. ಮೊದಲ ಏಟಿಗೆ ಕಿಡಿ ಹಾರಿತು, ಎರಡನೆಯದಕ್ಕೆ ಹಾರೆ ಜಿಗಿದು ಅವನ ಕೈಯನ್ನೇ ನಡುಗಿಸಿತು. ಇಪ್ಪತ್ತನೆಯದಕ್ಕೆ ಸಿಮೆಂಟಿನ ಮೇಲೆ ಒಂದು ಚುಕ್ಕೆ ಮೂಡಿತು. ಜೀವನದಲ್ಲಿ ಅವನು ಇಷ್ಟು ಗಟ್ಟಿಯಾದದ್ದನ್ನು ಹಿಂದೆಂದೂ ಕಟ್ಟಿರಲಿಲ್ಲ.

"ಪಕ್ಕದಲ್ಲೇ ಹೊಸದೊಂದು ತೋಡ್ಲಾ?"

"ಪಕ್ಕದಲ್ಲಿ ಕುಡಿಯೋ ನೀರಿನ ಪೈಪು. ಅದೂ ಒಡೆದ್ರೆ ನಿಮ್ಮ ಪುಣ್ಯ ಪೂರ್ತಿಯಾಗುತ್ತೆ," ಎಂದರು ಮೇಷ್ಟ್ರು.

ಅಷ್ಟರಲ್ಲಿ ಸುದ್ದಿ ಬೀದಿಯ ಎರಡೂ ತುದಿ ಮುಟ್ಟಿತ್ತು. ಜನ ಸೇರಿದರು. ಐವತ್ತನೆಯ ಗುಂಡಿ ಬೇಕೇ ಬೇಕೆಂದು ಎಲ್ಲರೂ ಒಪ್ಪಿದರು. ಎಲ್ಲಿ ಎಂಬಲ್ಲಿ ಮಾತು ನಿಂತಿತು. ಕನ್ನಡಕಣ್ಣ ಹಾರೆ ಹೊತ್ತುಕೊಂಡು ಬಾಗಿಲು ಬಾಗಿಲು ಅಲೆದ.

"ಗುಂಡಿ ಬೇಕು, ಇಲ್ಲ ಅನ್ನಲ್ಲ. ಆದ್ರೆ ನನ್ನ ಬಾಗಿಲಿಗೆ ಮೂಟೆ ಗಾಡಿ ಬರುತ್ತೆ," ಎಂದ ಗಿರಣಿಯವನು. "ಇಸ್ತ್ರಿ ಅಕ್ಕನ ಮುಂದೆ ತೋಡು. ಒಳ್ಳೆ ಮನಸ್ಸಿನವಳು."

"ಒಳ್ಳೆ ಮನಸ್ಸಿಗೆ ಗುಂಡಿ ತೋಡ್ತೀರಾ?" ಎಂದಳು ಇಸ್ತ್ರಿ ಅಂಗಡಿಯ ಅಕ್ಕ, ಇಸ್ತ್ರಿಪೆಟ್ಟಿಗೆ ಕೆಳಗಿಡದೆಯೇ. "ನನ್ನ ಮುಂದೆ ಆಗಲೇ ಮೂರಿದೆಯಪ್ಪ. ಮೇಷ್ಟ್ರ ಮನೆ ಮುಂದೆ ಒಂದೂ ಇಲ್ಲ. ಅಧ್ಯಕ್ಷರು ಅಂದ್ಮೇಲೆ ಒಂದಾದರೂ ಬೇಡ್ವಾ?"

"ಸಂಘದ ಸಭೆ ನಮ್ಮನೇಲಿ ನಡೆಯುತ್ತೆ. ಸದಸ್ಯರು ಬೀಳಬಾರದು," ಎಂದರು ಮೇಷ್ಟ್ರು ಗಂಭೀರವಾಗಿ.

ಮಧ್ಯಾಹ್ನ ಹೀಗೇ ಕಳೆಯಿತು. ಕನ್ನಡಕಣ್ಣ ಮತ್ತೆ ತನ್ನ ಸಿಮೆಂಟಿಗೇ ಬಂದು ಬಡಿದ. ಬೆವರು ಇಳಿದು ಅವನ ಕನ್ನಡಕವೇ ಮಸುಕಾಯಿತು. ತೆಗೆದು ಅಂಗಿಯ ತುದಿಯಿಂದ ಒರೆಸಿಕೊಳ್ಳುವಾಗ ಬೆಳಿಗ್ಗೆ ಕೊಟ್ಟ ಮಾತು ನೆನಪಾಯಿತು. ಕನ್ನಡಕ! ಒಳಗೆ ಓಡಿದ. ಮೇಜಿನ ಮೇಲೆ ಬೆಳಗಿನ ಆಸಾಮಿಯ ಚೌಕಟ್ಟು ಒಂಟಿಗಣ್ಣಿನಿಂದ ಅವನನ್ನೇ ನೋಡುತ್ತಿತ್ತು. ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷ.

ನಾಲ್ಕಕ್ಕೆ ಸರಿಯಾಗಿ ಆ ಆಸಾಮಿ ಗೋಡೆ ತಡವಿಕೊಂಡು ಅಂಗಡಿಗೆ ಬಂದರು. ಅವರ ಹಿಂದೆ ಮೇಷ್ಟ್ರು ಬೆನ್ನು ಬಗ್ಗಿಸಿಕೊಂಡು ಬರುತ್ತಿದ್ದರು. ಮೇಷ್ಟ್ರ ಬೆನ್ನು ಬಗ್ಗಿದ್ದನ್ನು ಬೀದಿ ಹಿಂದೆಂದೂ ಕಂಡಿರಲಿಲ್ಲ.

"ಇಂಜಿನಿಯರ್ ಸಾಹೇಬರು," ಎಂದರು ಮೇಷ್ಟ್ರು. "ನಿಮ್ಮ ಹತ್ರ ಕನ್ನಡಕ ಕೊಟ್ಟಿದಾರಂತೆ."

ಕನ್ನಡಕಣ್ಣ ಒಂಟಿಗಾಜಿನ ಚೌಕಟ್ಟನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. "ಸಾರ್, ಇನ್ನೊಂದರ್ಧ ಗಂಟೆ..."

"ಆಗಲ್ಲ. ಐದಕ್ಕೆ ವರದಿ ಮೇಜಿನ ಮೇಲಿರಬೇಕು."

ಆಗ ಅವನಿಗೆ ಕಣ್ಣು ಪರೀಕ್ಷೆಯ ಚೌಕಟ್ಟು ಹೊಳೆಯಿತು. ಬೇರೆ ಬೇರೆ ಗಾಜು ಇಳಿಸಿ ತೆಗೆಯುವ, ಮೂಗಿನ ಮೇಲೆ ಯಂತ್ರದಂತೆ ಕೂರುವ ದಪ್ಪ ಲೋಹದ ಚೌಕಟ್ಟು. ಸಾಹೇಬರ ನಂಬರಿನ ಗಾಜು ಎರಡೂ ಇಳಿಸಿದ. ಅಷ್ಟರಲ್ಲಿ ಮೇಷ್ಟ್ರು ಪರೀಕ್ಷೆಯ ಗಾಜುಗಳಿದ್ದ ಪೆಟ್ಟಿಗೆಯ ಮೂಲೆಗೆ ಕೈಹಾಕಿ, ಇನ್ನೊಂದು ಗಾಜನ್ನು ಸದ್ದಿಲ್ಲದೆ ಎಡಗಣ್ಣಿನ ಸಂದಿಗೆ ಬಿಟ್ಟರು.

ಅದು ಒಂದನ್ನು ಎರಡಾಗಿ ತೋರಿಸುವ ಗಾಜು. ಮೆಳ್ಳೆಗಣ್ಣು ಪರೀಕ್ಷಿಸಲು ಇಟ್ಟದ್ದು. ಹೋದ ವರ್ಷ ಮೇಷ್ಟ್ರಿಗೇ ಅದನ್ನು ಹಾಕಿ ನೋಡಿದ್ದಾಗ, ಜೊತೆಗೆ ಬಂದಿದ್ದ ಹೆಂಡತಿ ಇಬ್ಬರಾಗಿ ಕಂಡು, ಅವರು ಕುರ್ಚಿ ಬಿಟ್ಟು ಎದ್ದುಹೋಗಿದ್ದರು. ಅಂಥದ್ದನ್ನು ಮನುಷ್ಯ ಮರೆಯುವುದಿಲ್ಲ.

ಕನ್ನಡಕಣ್ಣ ಅದನ್ನು ಕಂಡ. ತೆಗೆಯಬೇಕೆಂದು ಕೈ ಎತ್ತಿದ. ಡ್ರಾಯರಿನಲ್ಲಿದ್ದ ಎರಡು ಟಿಕೆಟ್ಟು ನೆನಪಾಗಿ ಕೈ ತಾನೇ ಕೆಳಗಿಳಿಯಿತು. ಮೇಲಿಂದ ನೋಡುತ್ತಿರುವ ದೇವರ ಕಡೆಗೆ ಒಮ್ಮೆ ನೋಡಿ, ತಲೆ ತಗ್ಗಿಸಿದ.

ಎಣಿಕೆ ಶುರುವಾಯಿತು. ಸಾಹೇಬರು ಚೌಕಟ್ಟು ಹಿಡಿದುಕೊಂಡು, ಪುಸ್ತಕದಲ್ಲಿ ಗೆರೆ ಹಾಕುತ್ತ ನಡೆದರು. ಮೇಷ್ಟ್ರು ಪ್ರತಿ ಗುಂಡಿಯನ್ನೂ ಮನೆಮಗಳನ್ನು ಪರಿಚಯಿಸುವಂತೆ ಪರಿಚಯಿಸಿದರು.

ಇಸ್ತ್ರಿ ಅಕ್ಕನನ್ನು ಕಂಡು ಸಾಹೇಬರು ನಿಂತರು. "ನಿಮ್ಮ ಬೀದೀಲಿ ಅವಳಿ ಜವಳಿ ಜಾಸ್ತಿನಾ?"

"ಹೌದು ಸಾರ್," ಎಂದರು ಮೇಷ್ಟ್ರು. "ನೀರಿನ ಗುಣ."

"ಒಂದೇ ಬಣ್ಣದ ಬಟ್ಟೆ ಬೇರೆ."

"ಒಗ್ಗಟ್ಟು ಸಾರ್."

ಬೀದಿಯ ಕೊನೆ ಮುಟ್ಟಿದಾಗ ಸಾಹೇಬರು ಗೆರೆಗಳನ್ನು ಕೂಡಿದರು. "ತೊಂಬತ್ತೆಂಟು."

ಜನ ಉಸಿರು ಬಿಟ್ಟರು. ಗಿರಣಿಯವನು ಕನ್ನಡಕಣ್ಣನ ಬೆನ್ನು ತಟ್ಟಿದ. ಹಿಟ್ಟಿನ ಕೈ ಅಲ್ಲೇ ಅಚ್ಚಾಯಿತು.

"ಅಂದರೆ ಪೂರ್ತಿ ಖರ್ಚು ನಗರಸಭೆಯದು, ಅಲ್ವಾ ಸಾರ್?" ಎಂದರು ಮೇಷ್ಟ್ರು.

"ಅದು ಐವತ್ತರಿಂದ ತೊಂಬತ್ತರವರೆಗೆ. ಕೊನೇ ಸಾಲು ಓದಿಲ್ವಾ ನೀವು? ತೊಂಬತ್ತು ದಾಟಿದರೆ ಅದು ದುರಸ್ತಿಗೆ ಯೋಗ್ಯವಾದ ರಸ್ತೆ ಅಲ್ಲ. ರಸ್ತೆಗಳ ಪಟ್ಟಿಯಿಂದಲೇ ತೆಗೆದು ಹಾಕ್ತೀವಿ. ಹೊಸ ರಸ್ತೆ ಬೇಕಿದ್ರೆ ನೀವೇ ಹಾಕಿಸ್ಕೋಬೇಕು, ಪೂರ್ತಿ ನಿಮ್ಮ ಖರ್ಚಲ್ಲಿ."

ಆ ಸಣ್ಣಕ್ಷರದ ಸಾಲು! ಸಾಹೇಬರು ಸಹಿ ಹಾಕಲು ಪೆನ್ನು ತೆಗೆದರು. ಮೇಷ್ಟ್ರು ಕನ್ನಡಕಣ್ಣನ ಪಕ್ಕೆಗೆ ಮೊಣಕೈಯಿಂದ ತಿವಿದರು.

ತಿವಿಯುವ ಅಗತ್ಯವಿರಲಿಲ್ಲ. ಎಣಿಕೆ ಶುರುವಾದಾಗಿನಿಂದ ಅವನು ನುಂಗಿಕೊಂಡಿದ್ದ ಮಾತು ತಾನೇ ಹೊರಬಂತು. "ಸಾರ್, ತಪ್ಪಾಯ್ತು. ಆ ಎಡಗಾಜು ಒಂದನ್ನ ಎರಡು ಮಾಡಿ ತೋರಿಸುತ್ತೆ. ಅಂಗಡಿ ನನ್ನದು, ಗಾಜು ನನ್ನದು, ತಪ್ಪೂ ನನ್ನದೇ."

ಮೇಷ್ಟ್ರ ಹೆಸರನ್ನು ಅವನು ಎತ್ತಲಿಲ್ಲ. ಮೇಷ್ಟ್ರು ಆಕಾಶ ನೋಡಿದರು.

ಸಾಹೇಬರು ಚೌಕಟ್ಟಿನಿಂದ ಆ ಗಾಜನ್ನು ತೆಗೆದು ಇಸ್ತ್ರಿ ಅಕ್ಕನ ಕಡೆ ಮತ್ತೊಮ್ಮೆ ನೋಡಿದರು. ಅವಳು ಒಬ್ಬಳೇ ಇದ್ದಳು. ಸಿಟ್ಟಾಗುತ್ತಾರೆಂದು ಎಲ್ಲರೂ ಕಾದರು. ಅವರು ಸಿಟ್ಟಾಗಲಿಲ್ಲ. ಲೆಕ್ಕದ ಮನುಷ್ಯ.

"ಹಾಗಾದ್ರೆ ಸುಲಭ. ತೊಂಬತ್ತೆಂಟರಲ್ಲಿ ಅರ್ಧ." ಪೆನ್ನು ಪುಸ್ತಕದ ಮೇಲೆ ಓಡಿತು. "ನಲವತ್ತೊಂಬತ್ತು. ಅಯ್ಯೋ, ಒಂದೇ ಒಂದು ಕಡಿಮೆ. ಅರ್ಧ ಖರ್ಚು ನಿಮ್ಮದು."

ಬೀದಿಯ ಕಣ್ಣುಗಳೆಲ್ಲ ಮೊದಲು ಸಿಮೆಂಟಿನ ಕಡೆಗೂ ಆಮೇಲೆ ಕನ್ನಡಕಣ್ಣನ ಕಡೆಗೂ ತಿರುಗಿದವು. ಅವನು ಕೊನೆಯ ಹುಲ್ಲುಕಡ್ಡಿ ಹಿಡಿದ.

"ಐವತ್ತನೇದು ಇಲ್ಲೇ ಇತ್ತು ಸಾರ್. ಬೆಳಿಗ್ಗೆ ನೀವೇ ಅದರಲ್ಲಿ ಬಿದ್ರಿ. ನಿಮಗಿಂತ ದೊಡ್ಡ ಸಾಕ್ಷಿ ಯಾರಿದಾರೆ?"

ಸಾಹೇಬರು ಧರ್ಮಸಂಕಟದಲ್ಲಿ ಕೆನ್ನೆ ತುರಿಸಿಕೊಂಡರು. "ಬಿದ್ದದ್ದು ನಿಜ. ಸೊಂಟ ಇನ್ನೂ ನೋಯ್ತಾ ಇದೆ. ಆದ್ರೆ ನಾನು ಬಿದ್ದದ್ದು ಎಂಟಕ್ಕೆ. ಕಚೇರಿ ತೆರೆಯೋದು ಹತ್ತಕ್ಕೆ. ಅದನ್ನ ನಗರಸಭೆ ಬಿದ್ದ ಹಾಗೆ ಹೇಗೆ ಬರೀಲಿ?"

ಸಹಿ ಬಿತ್ತು. ಐದರೊಳಗೆ ಕಚೇರಿಗೆ ಮುಟ್ಟಿಸಲು ಮೇಷ್ಟ್ರೇ ವರದಿ ಹಿಡಿದು ಓಡಿದರು. ಜನ ಗೊಣಗುತ್ತ ಚದುರಿದರು. "ಗಾಳ ಹಾಕೋನು ಅಂತಿದ್ದೆ, ತಪ್ಪಾಯ್ತು ಕಣಯ್ಯ," ಎಂದ ಗಿರಣಿಯವನು ಹೋಗುತ್ತ. "ನೀನು ಕೆರೇನೇ ಮುಚ್ಚೋನು."

ಸಾಹೇಬರು ಭಾರದ ಪರೀಕ್ಷೆಯ ಚೌಕಟ್ಟನ್ನು ಕಳಚಿಟ್ಟು ಅಂಗಡಿಯ ಸ್ಟೂಲಿನ ಮೇಲೆ ಕೂತು ಕಾದರು. ಕನ್ನಡಕಣ್ಣ ಹಾರೆ ಹಿಡಿದು ಬೊಬ್ಬೆ ಎದ್ದಿದ್ದ ಬೆರಳುಗಳಿಂದಲೇ ಹೊಸ ಗಾಜಿನ ಅಂಚು ಉಜ್ಜತೊಡಗಿದ. ಒಳಗಿನಿಂದ ಹೆಂಡತಿ ಬಂದು, ಡ್ರಾಯರು ಎಳೆದು, ಎರಡು ಟಿಕೆಟ್ಟುಗಳನ್ನು ಬೆಳಕಿಗೆ ಹಿಡಿದು ನೋಡಿದಳು.

"ವಾಪಸ್ ಕೊಟ್ರೆ ಎಷ್ಟು ಮುರ್ಕೋತಾರಂತೆ?"

ಅವನು ಗಾಜು ಉಜ್ಜುತ್ತಲೇ ಇದ್ದ. ಅವಳು ಬಾಗಿಲಾಚೆ ನೋಡಿದಳು. ಸಂಜೆಯ ಬಿಸಿಲಿಗೆ ಬೀದಿಯುದ್ದಕ್ಕೂ ನೀರು ಚಿನ್ನದಂತೆ ಹೊಳೆಯುತ್ತಿತ್ತು. ಅವಳಿಗೆ ನಗು ಬಂತು.

"ಹೋಗ್ಲಿ ಬಿಡಿ. ಅಷ್ಟು ದೂರ ಯಾಕೆ? ಬಾಗಿಲಲ್ಲೇ ನಲವತ್ತೊಂಬತ್ತು ಸಮುದ್ರ ಇದೆ."

ಅವನಿಗೂ ನಗು ಬಂದುಬಿಟ್ಟಿತು, ಕಣ್ಣಲ್ಲಿ ಸ್ವಲ್ಪ ನೀರಿನೊಡನೆ. ಗಾಜನ್ನು ಚೌಕಟ್ಟಿಗೆ ಕೂರಿಸಿ, ತಿರುಪು ಬಿಗಿದು, ಎರಡೂ ಕಡೆ ಉಸಿರು ಊದಿ ಮೆತ್ತನೆಯ ಬಟ್ಟೆಯಿಂದ ಒರೆಸಿದ.

"ಎಷ್ಟಾಯ್ತು?" ಎಂದರು ಸಾಹೇಬರು, ಅವನಿದ್ದ ಕಡೆಗೆ ಅಂದಾಜಿನ ಮೇಲೆ ಮುಖ ಮಾಡಿ.

ಏನೂ ಬೇಡವೆಂದು ಅವನು ತಲೆಯಾಡಿಸಿದ. ಅದು ಅವರಿಗೆ ಕಾಣುವಂತಿರಲಿಲ್ಲ. ಹಾಗಾಗಿ ಅವರು ಚಾಚಿದ್ದ ಕೈಯನ್ನು ಮೆಲ್ಲನೆ ಹಿಡಿದು, ಅಂಗೈ ಬಿಡಿಸಿ, ಕನ್ನಡಕವನ್ನು ಅದರಲ್ಲಿಟ್ಟು ಬೆರಳು ಮಡಚಿದ.