ಹೊಟ್ಟೆಯನ್ನು ಮುಖದಲ್ಲಿ ಓದುವ ನಮ್ಮ ಅತ್ತೆ

ಇವತ್ತು ಬೆಳಿಗ್ಗೆಯೂ ಎಂದಿನಂತೆ ಕುಕ್ಕರ್ ಕೂಗುವ ಮೊದಲೇ ನಮ್ಮ ಮನೆಯಲ್ಲಿ ಮುಖಪರೀಕ್ಷೆ ಮುಗಿದಿತ್ತು. ನಮ್ಮ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ನಮ್ಮನ್ನು ಒಬ್ಬೊಬ್ಬರಾಗಿ ಕಿಟಕಿಯ ಬೆಳಕಿಗೆ ನಿಲ್ಲಿಸಿ ನೋಡುತ್ತಾರೆ. ಸಂತೆಯಲ್ಲಿ ಬದನೆಕಾಯಿ ತಿರುಗಿಸಿ ನೋಡುವ ಹಾಗೆ! ತಮ್ಮ ಮಗನ ಮೂಗಿನ ತುದಿ ಸ್ವಲ್ಪ ಕೆಂಪಾಗಿದ್ದರೂ ಸಾಕು, "ನಿನ್ನಿ ಆಫೀಸಿನ್ಯಾಗ ಏನೋ ಕರದದ್ದು ತಿಂದೀ" ಎಂಬ ತೀರ್ಪು ಬೀಳುತ್ತದೆ. ಇವರು ಇಲ್ಲವೆಂದು ಆಣೆಯಿಡುತ್ತಾರೆ. ಬಟ್ಟೆ ಒಗೆಯಲು ಹಾಕುವಾಗ ಪ್ಯಾಂಟಿನ ಜೇಬಿನಲ್ಲಿ ಬೋಂಡದ ಎಣ್ಣೆಕಾಗದ ನನ್ನ ಕೈಗೇ ಸಿಗುತ್ತದೆ.

ಅತ್ತೆಯ ಪ್ರಕಾರ ಮುಖವೆಂದರೆ ಹೊಟ್ಟೆಯ ನೋಟಿಸ್ ಬೋರ್ಡು. ಒಳಗೆ ನಡೆದದ್ದೆಲ್ಲ ಹೊರಗೆ ಅಂಟಿಸಲ್ಪಡುತ್ತದೆ. ಗಲ್ಲದಲ್ಲಿ ಮೊಡವೆಯೆದ್ದರೆ ಮಲಬದ್ಧತೆ, ಹಣೆ ಎಣ್ಣೆಣ್ಣೆಯಾದರೆ ಹೊತ್ತು ಮೀರಿದ ಊಟ, ಮೈ ತುರಿಸಿದರೆ ಹುಳಿತೇಗು.

ನಾನೋ ಕಾನ್ವೆಂಟಿನವಳು. ನಮ್ಮ ಶಾಲೆಯಲ್ಲಿ ಹೊಟ್ಟೆನೋವನ್ನು ಸಿಸ್ಟರ್ ಕಿವಿಯಲ್ಲಿ 'ಟಮ್ಮಿ' ಎಂದು ಪಿಸುಗುಟ್ಟಬೇಕಿತ್ತು. ಅದಕ್ಕಿಂತ ಕೆಳಗಿನ ವಿಷಯಗಳಿಗೆ ಕಿರುಬೆರಳೇ ಗತಿ. ಅಂಥವಳು ಮದುವೆಯಾಗಿ ರಾಣೇಬೆನ್ನೂರಿನ ಈ ಮನೆತನಕ್ಕೆ ಬಂದ ಹೊಸತರಲ್ಲಿ, ಮನೆ ತುಂಬ ನೆಂಟರಿರುವಾಗ ಅತ್ತೆ ಕೇಳಿದರು: "ಯವ್ವಾ, ಮುಂಜಾನೆ ಸಲೀಸಾಗಿ ಆತೇನು?" ನಾನು ಗಾಬರಿಯಲ್ಲಿ "ಪಾರ್ಡನ್?" ಎಂದುಬಿಟ್ಟೆ. ಕೇಳಿಸಲಿಲ್ಲವೇನೋ ಎಂದು ಅವರು ಇನ್ನಷ್ಟು ಗಟ್ಟಿಯಾಗಿ ಕೇಳಿದರು!

ಎಲೆಕ್ಟ್ರಾನಿಕ್ ಸಿಟಿಯ ಈ ಅಪಾರ್ಟ್‌ಮೆಂಟಿಗೆ ಬಂದ ಮೇಲಂತೂ ಅವರಿಗೆ ಲಿಫ್ಟೇ ದವಾಖಾನೆ. ಒಮ್ಮೆ ಮೇಲಿನ ಮಹಡಿಯ ತರುಣನೊಬ್ಬ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಳಗೆ ಬಂದ. ಎರಡೂ ಕೆನ್ನೆಯ ತುಂಬ ಮೊಡವೆ. ಅತ್ತೆ ಅವನ ಮುಖಕ್ಕೆ ಮುಖವಿಟ್ಟು, "ತಮ್ಮಾ, ಹೊಟ್ಟಿ ಹಸನಾಗಿ ಎಷ್ಟ ದಿನಾ ಆತೋ?" ಎಂದರು. ಉಳಿದವರೆಲ್ಲ ಏಕಕಾಲಕ್ಕೆ ಲಿಫ್ಟಿನ ಚಾವಣಿ ನೋಡತೊಡಗಿದೆವು. ಆತ ಮೆಲ್ಲನೆ, "ಅಜ್ಜಿ, ಮೀಟಿಂಗಲ್ಲಿದೀನಿ... ಮ್ಯೂಟ್ ಮಾಡಿಲ್ಲ" ಎಂದ!

ಮುಂದಿನ ವಾರ ಆತನೇ ಬಾಗಿಲು ತಟ್ಟಿ ಮೆಂತ್ಯದ ಮಜ್ಜಿಗೆ ಕುಡಿದು ಹೋದ. ಆಮೇಲೆ ಇನ್ನೊಂದು ಬಾಟಲಿ ಹಿಡಿದು ಬಂದ. "ನಮ್ಮ ಮ್ಯಾನೇಜರಿಗೂ ಬೇಕಂತೆ ಅಜ್ಜಿ. ಅವತ್ತು ಕೇಳಿಸ್ಕೊಂಡ್ರಲ್ಲ!"

ಕೊರೋನಾ ಕಾಲದಲ್ಲಿ ಇಡೀ ಊರೇ ಮುಖ ಮುಚ್ಚಿಕೊಂಡಾಗ ಅತ್ತೆಯ ಕಸುಬೇ ನಿಂತುಹೋಗಿತ್ತು. ಮಾಸ್ಕ್ ಹಾಕಿಕೊಳ್ಳುವ ಬದಲು ಮನೆಯಿಂದ ಹೊರಗೆ ಹೋಗುವುದನ್ನೇ ಬಿಟ್ಟಿದ್ದರು. "ನೋಟಿಸ್ ಬೋರ್ಡಿಗೆ ಯಾರರ ಅರಿವಿ-ಬಟ್ಟಿ ಹೊದಸ್ತಾರೇನು?"

ಇಂಥವರ ಮೊಮ್ಮಗಳೇ ಈಗ ಮುಖ ಮುಚ್ಚಿಕೊಂಡು ಓಡಾಡುತ್ತಾಳೆ ಅಂದರೆ!

ನನ್ನ ಮಗಳು ಈ ವರ್ಷ ಜಿಗಣಿ ರಸ್ತೆಯ ಕಾಲೇಜಿಗೆ ಸೇರಿದಳು. ಮೊಡವೆಗಳೂ ಜೊತೆಯಲ್ಲೇ ಸೇರಿದವು. ಕ್ಲಾಸಿನ ಗ್ರೂಪ್ ಫೋಟೋಗೆ ಯಾರೋ ಏನೋ ಕಮೆಂಟ್ ಹಾಕಿದರಂತೆ. ಅಂದಿನಿಂದ ಮನೆಯ ಹೊಸ್ತಿಲು ದಾಟುವ ಮುನ್ನ ಮಾಸ್ಕ್. ಮರಳಿ ಬಂದ ಮೇಲೂ ಕನ್ನಡಿಗೆ ಬೆನ್ನು.

ಚರ್ಮದ ಡಾಕ್ಟರ ಬಳಿ ಕರೆದೊಯ್ದೆ. ಅತ್ತೆಯೂ ಬಂದರು. ಬರದಿರುತ್ತಾರೆಯೇ? ಡಾಕ್ಟರಮ್ಮ ಕ್ರೀಮ್ ಬರೆದುಕೊಟ್ಟು, "ವಯಸ್ಸಿಗೆ ಬರೋದೇ ಇದು. ಆದ್ರೆ ಅಜ್ಜಿ ಹೇಳೋದೂ ಪೂರ್ತಿ ತಪ್ಪಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡ್ಲಿ" ಎಂದರು. ಅತ್ತೆ ಅವರ ಹಣೆಯನ್ನೇ ದಿಟ್ಟಿಸುತ್ತಿದ್ದರು. "ಅದೆಲ್ಲಾ ಖರೇ ರೀ. ನೀವು ಮಧ್ಯಾಹ್ನ ಉಂಡೀರೇನು?" ಡಾಕ್ಟರಮ್ಮ ಗಡಿಯಾರ ನೋಡಿ, ಮೇಜಿನ ಮೇಲೆ ಮುಚ್ಚಿಟ್ಟಿದ್ದ ಊಟದ ಡಬ್ಬಿ ನೋಡಿ, ನಕ್ಕುಬಿಟ್ಟರು.

ಕ್ರೀಮ್ ಮುಗಿಯುತ್ತ ಬಂತು. ಮೊಡವೆ ಮುಗಿಯಲಿಲ್ಲ. ಒಂದು ಸಂಜೆ ಅತ್ತೆ ಮೊಮ್ಮಗಳ ಊಟದ ಡಬ್ಬಿ ತೆರೆದು ಮೂಸಿದರು. "ಡಬ್ಬಿ ಖಾಲಿ ಐತಿ, ಮಾರಿ ಬಾಡೇತಿ. ಅಂದ್ರ ಉಂಡವ್ರು ಬ್ಯಾರೆ ಯಾರೋ."

ಮಗಳು ಅತ್ತೇಬಿಟ್ಟಳು. "ಎಲ್ರ ಮುಂದೆ ಮಾಸ್ಕ್ ತೆಗ್ದು ಹೇಗೆ ತಿನ್ಲಿ ಅಜ್ಜಿ?"

ಅಂದರೆ ಮಧ್ಯಾಹ್ನದ ಊಟವೆಲ್ಲ ಗೆಳತಿಯರಿಗೆ. ಸಂಜೆ ಹಸಿವು ತಾಳಲಾರದೆ ಕೋಣೆ ಸೇರಿ ಚಿಪ್ಸ್. ಅದರಿಂದ ಹೊಟ್ಟೆ ಕಟ್ಟುವುದು, ಹೊಟ್ಟೆ ಕಟ್ಟಿದ್ದಕ್ಕೆ ಮತ್ತಷ್ಟು ಮೊಡವೆ, ಅದಕ್ಕೆ ಮತ್ತೆ ಮಾಸ್ಕ್! ಅತ್ತೆ ಏನಾದರೂ ಕಷಾಯ ಹೇಳುತ್ತಾರೆಂದು ಕಾದೆ. ಅವರು ಮೊಮ್ಮಗಳ ತಲೆ ಸವರುತ್ತ ಕೂತರು.

ಸ್ವಲ್ಪ ದಿನದಲ್ಲೇ ಮಗಳು "ಡಬ್ಬಿ ಬೇಡ ಅಮ್ಮ, ನಾನು ನೋಡ್ಕೋತೀನಿ" ಎನ್ನತೊಡಗಿದಳು. ಇನ್ನು ಹುಡುಗಿ ಪೂರ್ತಿ ಉಪವಾಸವೇ? ಅತ್ತೆಗೆ ಹೇಳಿಕೊಳ್ಳೋಣವೆಂದರೆ ಅವರಿಗೆ ಹೊಸ ಹುಚ್ಚು ಹತ್ತಿತ್ತು, ಭಜನೆ. ಅದೂ ಸುಡುವ ಮಧ್ಯಾಹ್ನ! ಮಹಿಳೆಯರಿಗೆ ಬಸ್ಸು ಪುಕ್ಕಟೆಯಾದದ್ದೇ ಇದಕ್ಕೆಲ್ಲ ಕಾರಣವೆಂದುಕೊಂಡೆ. ಇವತ್ತೂ ಜೋಳದ ರೊಟ್ಟಿ, ಮೆಂತ್ಯಪಲ್ಯ, ಮಜ್ಜಿಗೆ ಕಟ್ಟಿಕೊಂಡು ಚಪ್ಪಲಿ ಮೆಟ್ಟಿದವರು ಬಾಗಿಲಲ್ಲಿ ತಿರುಗಿ ನಿಂತರು.

"ಯವ್ವಾ, ಹಳೇ ಮಾಸ್ಕ್ ಮಾಸಿ ಹೋಗೇತಿ. ಬ್ಯಾರೆ ಒಂದ್ ಕೊಡು."

"ನಿಮಗಾ ಅತ್ತೆ? ಭಜನೆಗೆ ಯಾಕೆ ಮಾಸ್ಕು?"

"ಧೂಳ ಭಾಳ."

ಸಂಜೆ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಒಳಗೆ ಮಗಳು ಏನೋ ಗುನುಗುತ್ತ ಕನ್ನಡಿಯ ಮುಂದೆ ಜಡೆ ಹಾಕಿಕೊಳ್ಳುತ್ತಿದ್ದಳು. ಗಲ್ಲದ ಮೊಡವೆಗಳು ಇನ್ನೂ ಇದ್ದವು. ಅವಳು ಕನ್ನಡಿಗೆ ಬೆನ್ನು ಮಾಡಿರಲಿಲ್ಲ ಎಂಬುದನ್ನು ನಾನು ಗಮನಿಸುತ್ತಿರುವಾಗಲೇ ಪಕ್ಕದ ಬಾಲ್ಕನಿಯಿಂದ ನೆರೆಮನೆಯಾಕೆ, ಕರಿಬೇವು ಬಿಡಿಸುತ್ತ, ಹಾಗೇ ಸುಮ್ಮನೆ ಅಂದರು:

"ಮಧ್ಯಾಹ್ನ ಜಿಗಣಿ ರೋಡಲ್ಲಿ ನಿಮ್ಮ ಅತ್ತೇನ ನೋಡ್ದೆ ಕಣ್ರೀ. ಕಾಲೇಜ್ ಪಕ್ಕ ಹೊಂಗೆ ಮರದ ಕೆಳಗೆ ಮೊಮ್ಮಗಳ ಜೊತೆ ಕೂತು ರೊಟ್ಟಿ ತಿಂತಿದ್ರು. ಇಬ್ರಿಗೂ ಮಾಸ್ಕು! ಅಜ್ಜಿ ಮಾಸ್ಕ್ ಕೆಳಗೆಳೆದು ಒಂದು ತುತ್ತು ತಿಂದು ಮತ್ತೆ ಮೇಲಕ್ಕೆ ಏರಿಸ್ತಾರೆ, ಮೊಮ್ಮಗಳೂ ಹಾಗೇ ಮಾಡ್ತಾಳೆ, ಇಬ್ರೂ ನಗ್ತಾರೆ. ಬಂದೋರು ಹೋದೋರೆಲ್ಲಾ ನಿಂತ್ಕೊಂಡು ಅಜ್ಜೀನೇ ನೋಡ್ತಿದ್ರು. ಪಕ್ಕದಲ್ಲಿದ್ದ ಹುಡುಗೀನ ಒಬ್ರೂ ನೋಡ್ಲಿಲ್ಲ ಬಿಡಿ."